ನಮ್ಮವ್ವ ಉಣ್ಣದೆ ಬಿಟ್ಟ ತುತ್ತು

ನನಗಾಗ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಎಪ್ಪತ್ತೊಂದು ಎಂಬುದು ಆಧಾರ್ ಕಾರ್ಡಿನವರು ಅಂದಾಜಿಗೆ ಬರೆದುಕೊಂಡದ್ದು. ಹುಟ್ಟಿದ ದಿನ ಹೆತ್ತವಳಿಗೇ ಗೊತ್ತಿರಲಿಲ್ಲ, ಅವರಿಗೆಲ್ಲಿಂದ ಗೊತ್ತಾಗಬೇಕು. ಆ ವಯಸ್ಸಿನಲ್ಲಿ ನಾನು ಬೀಗರ ಮನೆಗೆ ಹೋಗಿ ಬಯಕೆ ಶಾಸ್ತ್ರದ ದಿನವೇ ಜಗಳ ಮಾಡಿದೆ. ಮಾಡಿದ್ದಕ್ಕೆ ಬೇಸರವಿಲ್ಲ. ಅವತ್ತಿನಿಂದ ನೆಂಟರಲ್ಲಿ ಅರ್ಧ ಜನ ನನ್ನ ಮುಖ ನೋಡುವುದಿಲ್ಲ. ಅವರ ಮುಖದಲ್ಲೂ ನೋಡುವಂಥದ್ದು ಏನೂ ಇರಲಿಲ್ಲ ಬಿಡಿ.

ಜಗಳ ಮೊಮ್ಮಗಳ ಹೊಟ್ಟೆಯ ವಿಷಯಕ್ಕೆ. ಅವಳು ನನ್ನ ಮಗಳ ಮಗಳು. ಮಗಳು ಸತ್ತ ಮೇಲೆ ವರ್ತೂರಿನಲ್ಲಿ ನಾನೇ ಸಾಕಿ, ಬೊಮ್ಮನಹಳ್ಳಿಗೆ ಮದುವೆ ಮಾಡಿಕೊಟ್ಟೆ. ಅಲ್ಲಿ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಕೂರುತ್ತಿದ್ದಳು. ಆಗ ಏಳು ತಿಂಗಳ ಬಸುರಿ, ನೋಡಿದರೆ ಐದು ತಿಂಗಳ ಹೊಟ್ಟೆ. ಆಸ್ಪತ್ರೆಯ ನರ್ಸು, ರಕ್ತ ಕಮ್ಮಿ ಇದೆ, ಮಗು ಬೆಳೆಯುತ್ತಿಲ್ಲ ಎಂದು ಹೇಳಿ ಹೇಳಿ ಸಾಕಾಗಿದ್ದಳು. ಬೆಳೆಯದಿರುವುದಕ್ಕೆ ಯಾವ ರೋಗವೂ ಕಾರಣವಲ್ಲ. ಬೀಗಿತ್ತಿ, ಅಂದರೆ ಮೊಮ್ಮಗಳ ಅತ್ತೆ, ಅವಳಿಗೆ ಅರೆಹೊಟ್ಟೆ ಊಟ ಹಾಕುತ್ತಿದ್ದಳು. ಬಡತನ ಅನ್ನುವಂತಿಲ್ಲ. ಆ ಮನೆಯಲ್ಲಿ ಅಕ್ಕಿ ಮೂಟೆಗಟ್ಟಲೆ ಇರುತ್ತಿತ್ತು. ಮಗು ದಪ್ಪವಾದರೆ ಹೆರಿಗೆ ಕಷ್ಟ, ಹೊಟ್ಟೆ ಕೊಯ್ಯುತ್ತಾರೆ. ಸಣ್ಣದಾದರೆ ಸುಖವಾಗಿ ಜಾರಿಕೊಂಡು ಬರುತ್ತದೆ ಎಂಬ ನಂಬಿಕೆ ಅವಳದು.

ಆ ನಂಬಿಕೆ ನನಗೆ ಹೊಸದಲ್ಲ. ನಾನು ಹುಟ್ಟಿದ್ದೇ ಅದರಲ್ಲಿ.

ನಮ್ಮವ್ವ ನನ್ನನ್ನು ಹೆತ್ತ ಕಥೆಯನ್ನು ಜಂಬದಿಂದ ಹೇಳುತ್ತಿದ್ದಳು. ಕಳೆ ಕೀಳುವಾಗ ಹೇಳುವಳು, ಮದುವೆ ಮನೆಯಲ್ಲಿ ಹೇಳುವಳು, ನೆಂಟರು ಬಂದರೆ ಹೇಳುವಳು. “ಇವ್ಳನ್ನ ಎರೋವಾಗ ನಂಗೆ ನೋವೇ ಆಗ್ಲಿಲ್ಲ ಕಣ್ರವ್ವಾ. ಇಲಿ ಮರಿ ಜಾರಿದಂಗೆ ಜಾರುದ್ಲು. ಬೆಳಿಗ್ಗೆ ಎತ್ತೆ, ಮೂರ್ನೇ ದಿನ ನೀರು ಸೇದ್ದೆ.” ಬಸುರಿಯಾಗಿದ್ದಾಗ ಅವಳ ಅತ್ತೆ ಒಪ್ಪೊತ್ತಿನ ಊಟಕ್ಕೆ ಇಳಿಸಿದ್ದಳಂತೆ. ಸಂಜೆ ಬರೀ ನೀರು ಮಜ್ಜಿಗೆ. ಹೊಟ್ಟೆಯಲ್ಲಿ ಇರುವುದು ಒಂದೇ ಜಾಗ, ಅದರಲ್ಲಿ ಅನ್ನ ತುಂಬಿದರೆ ಮಗುವಿಗೆ ಉಸಿರಾಡಲು ಎಲ್ಲಿರುತ್ತದೆ ಎಂದು ಆ ಮುದುಕಿ ಕೇಳುತ್ತಿದ್ದಳಂತೆ. ನಮ್ಮವ್ವ ಅದನ್ನೂ ನಂಬಿದಳು. ನಾನೂ ಎಷ್ಟೋ ವರ್ಷ ಅದನ್ನು ಕೇಳಿ ಹಿಗ್ಗಿದ್ದೆ. ತಾಯಿಗೆ ನೋವು ಕೊಡದೆ ಹುಟ್ಟಿದ ಮಗಳು ಎಂದರೆ ಸಣ್ಣ ಮಾತೇ?

ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಅವಳು ಅತ್ತೆಯ ಜೊತೆ ಜಗಳವಾಡಿ ತವರಿಗೆ ಹೋಗಿ ಕೂತಿದ್ದಳು. ಅಲ್ಲಿ ಕರೆಯುವ ಎಮ್ಮೆ ಇತ್ತು, ಅವರೆಕಾಯಿ ಕಾಲ ಬೇರೆ. ತಿಂದು ತಿಂದು ಹೆತ್ತಳು. ಅವನನ್ನು ಹೆರುವಾಗ ಊರಿಗೆಲ್ಲ ಕೇಳುವಂತೆ ಕಿರುಚಿದಳಂತೆ. ಆ ಕಥೆ ಹೇಳುವಾಗ ಮುಖ ಸೊಟ್ಟಗೆ ಮಾಡುವಳು. ಅವನು ಇವತ್ತಿಗೂ ಬೆಲ್ಲದ ಅಚ್ಚು ಕಡಿದು ತಿನ್ನುತ್ತಾನೆ, ಬಸ್ಸಿಗೆ ಓಡಿ ಹತ್ತುತ್ತಾನೆ. ನಾನು ಅವನ ಎದೆಯವರೆಗೂ ಬರುವುದಿಲ್ಲ. ಅವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವನದೇನೂ ತಪ್ಪಿಲ್ಲ, ಆದರೂ ಉರಿಯುತ್ತದೆ.

ನನಗೆ ಸಕ್ಕರೆ ಕಾಯಿಲೆ ಬಂದದ್ದು ಹೊಲ ಕೈಬಿಟ್ಟ ಮೇಲೆ. ಕೆರೆ ಪಕ್ಕದ ನಮ್ಮ ರಾಗಿ ಹೊಲ ಅಪಾರ್ಟ್‌ಮೆಂಟಿನವರ ಪಾಲಾಯಿತು. ಕೆರೆ ನೊರೆ ಕಾರುವುದಕ್ಕೆ ಶುರು ಮಾಡಿತು. ನಾವು ಸೊಸೈಟಿ ಅಕ್ಕಿಗೆ ಬಂದೆವು. ಮೂರು ಹೊತ್ತೂ ಅನ್ನ. ನಾನು ದಪ್ಪಗೇನೂ ಆಗಲಿಲ್ಲ, ಕೈಕಾಲು ಕಡ್ಡಿಯಂತೆ, ಹೊಟ್ಟೆ ಮಾತ್ರ ಮಡಕೆಯಂತೆ ಮುಂದೆ ಬಂತು. ಆಮೇಲೆ ಸಕ್ಕರೆ, ಅದರ ಹಿಂದೆ ಬಿಪಿ, ಅದರ ಹಿಂದೆ ಕಾಲಿನ ಹುಣ್ಣು. ಎಡಗಾಲಿನ ಒಂದು ಬೆರಳು ತೆಗೆದರು. ಸಿಹಿ ತಿಂದು ತಿಂದು ಹೀಗಾಯಿತು ಎಂದು ಊರವರು ಆಡಿಕೊಂಡರು. ನಾನು ಸಿಹಿ ಕಂಡದ್ದೇ ಹಬ್ಬಕ್ಕೆ, ಅದೂ ಗಂಡಸರು ಉಂಡು ಉಳಿದರೆ.

ಕಾಲಿಗೆ ಕಟ್ಟು ಹಾಕಿಸಲು ಹೋಗುತ್ತಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರಮ್ಮ ಇದ್ದಳು. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಒಂದು ದಿನ ನನ್ನ ಎತ್ತರ ಅಳೆದು, ಹೊಟ್ಟೆಯ ಸುತ್ತಳತೆ ಅಳೆದು, ಏನೋ ಯೋಚಿಸಿ, “ಅಜ್ಜಿ, ನಿಮ್ಮಮ್ಮ ನಿಮ್ಮನ್ನ ಬಸುರಿ ಇದ್ದಾಗ ಹೊಟ್ಟೆ ತುಂಬಾ ಊಟ ಮಾಡ್ತಿದ್ರಾ?” ಎಂದು ಕೇಳಿದಳು.

ನನಗೆ ರೇಗಿತು. “ಅವ್ಳು ಸತ್ತು ಎಷ್ಟೋ ವರ್ಸ ಆಯ್ತು. ಓಗಿ ಕೇಳ್ಕೊಂಡ್ ಬಾ.”

ಅವಳು ಸಿಟ್ಟಾಗಲಿಲ್ಲ. ಅದಕ್ಕೂ ನನಗೆ ರೇಗಿತು. “ಯಾಕೆ ಕೇಳಿದೆ ಅಂದ್ರೆ ಅಜ್ಜಿ, ಹೊಟ್ಟೇಲಿರೋ ಮಗು ತಾಯಿಯಿಂದ ತನಗೆ ಏನು ಬರುತ್ತೋ ಅದನ್ನ ನೋಡ್ಕೊಂಡು ಹೊರಗಡೆ ಹೇಗಿದೆ ಅಂತ ಅಂದಾಜು ಮಾಡುತ್ತೆ. ಕಮ್ಮಿ ಬಂದ್ರೆ ಹೊರಗೆ ಬರಗಾಲ ಅಂದ್ಕೊಳ್ಳುತ್ತೆ. ಅದಕ್ಕೆ ಸರಿಯಾಗಿ ಮೈ ಕಟ್ಕೊಳ್ಳುತ್ತೆ. ಮುಂದೆ ಅನ್ನ ಸಿಕ್ಕಿದ್ರೂ ಆ ಮೈಗೆ ಅದನ್ನ ನಿಭಾಯಿಸೋಕೆ ಬರಲ್ಲ. ಸಕ್ಕರೆ, ಬಿಪಿ, ಹೃದಯದ ಕಾಯಿಲೆ ಬೇಗ ಹತ್ಕೊಳ್ಳುತ್ತೆ. ಹುಟ್ಟಿದ ಮೇಲೆ ಮೊದಲ ಎರಡು ವರ್ಷಾನೂ ಹಾಗೇ. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ. ಆಗೋದು ಜಾಸ್ತಿ.”

“ಈಗ ಏಳಿ ಏನ್ ಉಪಯೋಗ?” ಎಂದೆ.

“ನಿಮಗಿಲ್ಲ. ನಿಮ್ಮನೇಲಿ ಯಾರಾದ್ರೂ ಬಸುರಿ ಇದ್ರೆ ಅವರಿಗೆ.”

ನಾನು ಮಾತ್ರೆ ಪೊಟ್ಟಣ ಕಿತ್ತುಕೊಂಡು ಎದ್ದು ಬಂದೆ. ನಮ್ಮ ಅವ್ವನ ಮೇಲೆ ತಪ್ಪು ಹೊರಿಸಲು ಇವಳು ಯಾರು ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಮನೆಗೆ ಬಂದು ಕಾಲು ಚಾಚಿ ಕೂತಾಗ, ಇಲಿ ಮರಿ ಜಾರಿದಂಗೆ ಎಂಬ ಮಾತು ನೆನಪಾಯಿತು. ಅಷ್ಟು ವರ್ಷ ಹೊಗಳಿಕೆ ಎಂದುಕೊಂಡದ್ದು. ಆವತ್ತು ಅದು ಬೇರೆಯಾಗಿ ಕೇಳಿಸಿತು. ಆಮೇಲೆ ನಾನು ಅವ್ವನನ್ನು ಬೈಯಲು ಶುರು ಮಾಡಿದೆ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಬದುಕಿದ್ದಾಗ ಬೈಯಲು ನನಗೆ ವಿಷಯವೇ ಗೊತ್ತಿರಲಿಲ್ಲವಲ್ಲ.

ಇದಾದ ಮಾರನೆಯ ವರ್ಷ ಮೊಮ್ಮಗಳು ಬಸುರಿಯಾದಳು.

ಒಂದು ಭಾನುವಾರ ನನ್ನನ್ನು ನೋಡಲು ಬಂದಳು. ಬಾಗಿಲ ಮೆಟ್ಟಿಲ ಮೇಲೆ ಕೂತವಳ ಬಾಯಲ್ಲಿ ಕರಕರ ಸದ್ದು. ಕಡಲೆ ತಿನ್ನುತ್ತಿದ್ದಾಳೆ ಎಂದುಕೊಂಡೆ. ತುಟಿಯೆಲ್ಲ ಬೂದಿ ಬಣ್ಣ.

“ಏನೇ ಅದು ಬಾಯಾಗೆ?”

“ಬಳಪ ಕಣಜ್ಜಿ.”

“ಸ್ಲೇಟ್ ಮ್ಯಾಲೆ ಬರೆಯೋ ಬಳಪಾನಾ?”

“ಊಂ. ಬಯಕೆ. ಬಾಯೆಲ್ಲಾ ಅದನ್ನೇ ಕೇಳ್ತದೆ. ಅತ್ತೆ ಡಬ್ಬಾನೇ ತಂದಿಟ್ಟವ್ರೆ. ಫ್ಯಾಕ್ಟ್ರಿ ಲೈನಲ್ಲಿ ಬೇರೆ ಉಡುಗೀರೂ ತಂದ್ಕೊಡ್ತಾರೆ.”

ನನಗೆ ಬಳಪದ ವಿಷಯ ತಿಳಿಯದ್ದೇನಲ್ಲ. ನಮ್ಮ ಕಾಲದಲ್ಲೂ ಬಸುರಿಯರು ಗೋಡೆ ಮಣ್ಣು ಕೆರೆದು ತಿನ್ನುತ್ತಿದ್ದರು, ಒಲೆಯ ಬೂದಿ ನೆಕ್ಕುತ್ತಿದ್ದರು. ಎಲ್ಲರೂ ನಕ್ಕು, ಬಯಕೆ ಬಯಕೆ ಎನ್ನುತ್ತಿದ್ದರು. ಮೈಯಲ್ಲಿ ರಕ್ತ ಇಲ್ಲದವರಿಗೆ ಹೀಗೆ ಕಂಡದ್ದೆಲ್ಲ ಬಾಯಿಗೆ ಹಾಕಿಕೊಳ್ಳುವಂತಾಗುತ್ತದೆ ಎಂದು ಈಗಿನ ನರ್ಸುಗಳು ಹೇಳುತ್ತಾರೆ. ನಾನು ತಟ್ಟೆಗೆ ಅನ್ನ ಹಾಕಿ ಹುಳಿ ಬಿಟ್ಟು ಅವಳ ಮುಂದಿಟ್ಟೆ. ಗಬಗಬ ತಿಂದಳು. ಇನ್ನೊಂದು ಸಲ ಹಾಕಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು.

“ಬ್ಯಾಡ ಅಜ್ಜಿ. ಅತ್ತೆ ಬೈತಾರೆ.”

“ನಿಮ್ಮತ್ತೆ ಇಲ್ಲೆಲ್ಲವ್ಳೆ?”

“ಒಟ್ಟೆ ಮುಟ್ಟಿ ನೋಡ್ತಾರೆ ಅಜ್ಜಿ, ದಿನಾ ಸಂಜೆ. ತುಂಬ್ಕೊಂಡಿದ್ರೆ, ಮಗೀಗೆ ಜಾಗ ಬ್ಯಾಡ್ವಾ ಅಂತಾರೆ. ರಕ್ತ ಆಗಕ್ಕೆ ಆಸ್ಪತ್ರೇಲಿ ಕೊಟ್ಟ ಕೆಂಪು ಮಾತ್ರೇನೂ ಬ್ಯಾಡ ಅಂದವ್ರೆ, ಮಗು ಕಪ್ಪಗಾಯ್ತದಂತೆ.”

ಅವಳು ಹೊರಟು ಹೋದ ಮೇಲೆ ಮೆಟ್ಟಿಲ ಮೇಲೆ ಬಳಪದ ಪುಡಿ ಬಿದ್ದಿತ್ತು. ಗುಡಿಸಿ ಚರಂಡಿಗೆ ಹಾಕಿದೆ. ಬಯಕೆ ಶಾಸ್ತ್ರಕ್ಕೆ ಬಾ ಎಂದು ಬೀಗಿತ್ತಿ ಫೋನು ಮಾಡಿದಾಗ, ಬರ್ತೀನಿ ಬರ್ತೀನಿ ಎಂದೆ. ಬಾಯಿ ತುಂಬ ಬೈಗುಳ ಇತ್ತು, ಫೋನಿನಲ್ಲಿ ಖರ್ಚು ಮಾಡುವುದು ಬೇಡ ಎಂದು ಉಳಿಸಿಕೊಂಡೆ.

ತವರಿನವರು ಬಯಕೆಗೆ ಸೀರೆ, ಹಸಿರು ಬಳೆ, ಕೋಡುಬಳೆ, ಚಕ್ಕುಲಿ, ಸಿಹಿ ಒಯ್ಯಬೇಕು. ಒಯ್ದೆ. ಅದರ ಜೊತೆ ಕ್ಯಾರಿಯರಿನಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಬೇಯಿಸಿದ ಕೋಳಿಮೊಟ್ಟೆ. ಬಾಣಂತನಕ್ಕೆ ಕೊಟ್ಟು ಬರೋಣವೆಂದು ಚೀಲದಲ್ಲಿ ರಾಗಿ ಹಿಟ್ಟು. ಬಸ್ಸು ಹೆಂಗಸರಿಗೆ ಫ್ರೀ ಆದ ಮೇಲೆ ನಿಲ್ಲಲೂ ಜಾಗ ಇರುವುದಿಲ್ಲ. ಒಬ್ಬ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಸೀಟಿನಲ್ಲಿ ಕೂತಿದ್ದಳು. ಕ್ಯಾರಿಯರನ್ನು ಅವಳ ತೊಡೆಯ ಮೇಲಿಟ್ಟೆ, ಎದ್ದು ಜಾಗ ಕೊಟ್ಟಳು. ಸಿಲ್ಕ್ ಬೋರ್ಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಬೊಮ್ಮನಹಳ್ಳಿಯಲ್ಲಿ ಕುಂಟಿಕೊಂಡು ಅವರ ಗಲ್ಲಿ ಸೇರಿದೆ.

ಬೀಗಿತ್ತಿ ದೊಡ್ಡಂಚಿನ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ನಡುಮನೆ ತುಂಬ ಅಕ್ಕಪಕ್ಕದ ಹೆಂಗಸರು. ಮಧ್ಯದಲ್ಲಿ ಮೊಮ್ಮಗಳು, ಮುಡಿ ತುಂಬ ಹೂವು, ಕೈ ತುಂಬ ಬಳೆ. ಬಳೆಗಳು ಮೊಣಕೈಯವರೆಗೂ ಜಾರುತ್ತಿದ್ದವು. ಮುಂದೆ ಬಾಳೆಲೆ, ಎಲೆ ತುಂಬ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ, ಪಾಯಸ. ಹೆಂಗಸರು ಒಬ್ಬೊಬ್ಬರಾಗಿ ಬಂದು ಕುಂಕುಮ ಇಟ್ಟು, ಒಂದೊಂದು ಅಗುಳು ಅವಳ ಬಾಯಿಗೆ ಇಟ್ಟರು. ಫೋಟೊ ತೆಗೆದುಕೊಂಡರು. ಅವಳ ಕಣ್ಣು ಎಲೆಯ ಮೇಲೇ ಇತ್ತು. ಶಾಸ್ತ್ರ ಮುಗಿದದ್ದೇ ತಡ, ಬೀಗಿತ್ತಿ ಬಂದು ಎಲೆಯನ್ನು ಎತ್ತಿಕೊಂಡಳು. “ಸಾಕು ಮಗಳೇ, ಶಾಸ್ತ್ರಕ್ಕಾಯ್ತಲ್ಲ.”

ನಾನು ಕ್ಯಾರಿಯರು ಬಿಚ್ಚಿ, ಎಲೆ ಇದ್ದ ಜಾಗದಲ್ಲಿ ಇಟ್ಟೆ. ಮೊಟ್ಟೆ ಕಂಡದ್ದೇ ಹೆಂಗಸರು ಕಿಸಕ್ಕನೆ ನಕ್ಕರು.

ಬೀಗಿತ್ತಿಯ ಮುಖ ಕೆಂಪಾಯಿತು. “ಅಜ್ಜೀ, ಆರತಿ ತಟ್ಟೆ ಪಕ್ಕ ಮೊಟ್ಟೆ ಇಡ್ತಾರಾ ಯಾರಾದ್ರೂ?”

“ಆರತಿ ತಿಂದು ಮಗ ಬೆಳೆಯಕ್ಕಿಲ್ಲ ಕಣಮ್ಮಾ.”

“ಏನ್ ಕಮ್ಮಿ ಮಾಡಿವ್ನಿ ನಾನು? ಬಂದೋರ ಮುಂದೆ ಇಂಗೆ ಮಾನ ಕಳೀತೀರಲ್ಲ. ಬಯಕೆ ಅಂತ ಅವ್ಳು ಕೇಳಿದ್ದನ್ನೆಲ್ಲ ತಂದ್ಕೊಟ್ಟಿವ್ನಿ, ಕೇಳಿ ಬೇಕಾದ್ರೆ.”

“ಏನೇನ್ ತಂದ್ಕೊಟ್ಟೆ?”

“ಬಳಪ ಕೇಳುದ್ಲು, ಡಬ್ಬ ತಂದೆ. ಕೆಮ್ಮಣ್ಣು ಕೇಳುದ್ಲು, ನಮ್ಮೂರಿಂದ ತರಿಸ್ದೆ.”

“ಅನ್ನ ಕೇಳುದ್ಲಾ?”

“ಅದೇನ್ ಬಯಕೇನಾ? ಅದು ಒಟ್ಟೆಬಾಕತನ.”

ನಾನು ಕೂತಿದ್ದ ಹೆಂಗಸರ ಕಡೆ ತಿರುಗಿದೆ. “ಕೇಳುಸ್ಕೊಂಡ್ರೇನ್ರವ್ವಾ? ಬಳಪ ಕೇಳುದ್ರೆ ಬಯಕೆ, ಅನ್ನ ಕೇಳುದ್ರೆ ಒಟ್ಟೆಬಾಕತನ. ಒಳ್ಳೆ ಮನೆಗೆ ಕೊಟ್ಟಿವ್ನಿ ನಾನು ಎಣ್ಣ.”

ಯಾರೂ ನಗಲಿಲ್ಲ. ಒಬ್ಬಳು ಎದ್ದು ಚಪ್ಪಲಿ ಹುಡುಕಲು ಹೋದಳು. ಬೀಗಿತ್ತಿ ಎಲೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು, ಪಾಯಸ ಸೀರೆಯ ಮೇಲೆ ಸೋರುತ್ತಿತ್ತು. ಅವಳು ಅಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

“ನಂದು ಮೊದಲ್ನೇದು ಗಂಡು ಮಗು ಅಜ್ಜಿ. ನಮ್ಮವ್ವ ತುಪ್ಪ ತಿನ್ಸಿ ತಿನ್ಸಿ ಇಷ್ಟು ದಪ್ಪ ಆಗಿತ್ತು. ಬರೋವಾಗ ಸಿಕ್ಕಾಕೊಂಡು ಸತ್ತೋಯ್ತು. ನಾನೂ ಸಾಯ್ತಿದ್ದೆ. ನಿಮ್ಗೆ ಏನ್ ಗೊತ್ತು? ನನ್ ಸೊಸೆಗೆ ಅಂಗಾಗ್ಬಾರ್ದು ಅಂತ ನಾನು ಮಾಡುದ್ರೆ, ನನ್ನೇ ರಾಕ್ಷಸಿ ಮಾಡ್ತೀರಾ?”

ಆ ಮಾತು ನಿಜವೇ ಇರಬೇಕು. ಸುಳ್ಳು ಹೇಳುವವಳು ಪಾಯಸ ಸೋರುವುದನ್ನು ಗಮನಿಸುತ್ತಾಳೆ. ಹಾಗೆಂದು ನನಗೆ ಕನಿಕರವೇನೂ ಬರಲಿಲ್ಲ. ಅವಳ ಮಗು ಸತ್ತದ್ದಕ್ಕೆ ನಮ್ಮ ಮಗು ಯಾಕೆ ಉಪವಾಸ ಮಾಡಬೇಕು?

“ನಿಂದು ಊರಲ್ಲಿ, ಮನೇಲಿ ಎತ್ತಿದ್ದು. ಡಾಕ್ಟ್ರೂ ಇರ್ಲಿಲ್ಲ, ಯಾರೂ ಇರ್ಲಿಲ್ಲ. ಇಲ್ಲಿ ರೋಡ್ ದಾಟುದ್ರೆ ಆಸ್ಪತ್ರೆ ಐತೆ. ಸಿಕ್ಕಾಕೊಂಡ್ರೆ ತೆಗೀತಾರೆ. ಒಟ್ಟೇಲೇ ಒಣಗೋದ್ರೆ ಯಾರು ತೆಗೀತಾರೆ? ದಪ್ಪ ಆಗೋ ಮಾತು ಬುಡು, ಅದು ಮಗೂನಂಗಾದ್ರೂ ಆಗ್ಲಿ ಮೊದ್ಲು.”

ಆಗ ಮೊಮ್ಮಗಳು ಎದ್ದಳು. “ಅಜ್ಜಿ, ಬಾ ಇಲ್ಲಿ” ಎಂದು ನನ್ನ ತೋಳು ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ.

“ಅತ್ತೆ ಒಬ್ರದೇ ಅಲ್ಲ ಅಜ್ಜಿ. ನಾನೇ ತಿಂತಿಲ್ಲ.”

“ಯಾಕೆ? ಕೊಬ್ಬಾ?”

“ನಮ್ ಲೈನಲ್ಲಿ ಒಬ್ಬಳಿಗೆ ಆಪರೇಷನ್ ಆಯ್ತು. ಬೆನ್ನಿಗೆ ಸೂಜಿ ಚುಚ್ಚುದ್ರಲ್ಲ, ಆವತ್ತಿಂದ ಮಿಷನ್ ಮ್ಯಾಲೆ ಕೂರಕ್ಕೇ ಆಗ್ಲಿಲ್ಲ ಅವ್ಳಿಗೆ. ಕೆಲ್ಸ ಬುಟ್ಲು. ಈಗ ಗಂಡನ ಮುಂದೆ ಕೈ ಚಾಚ್ತಾಳೆ ಕೂದಲೆಣ್ಣೆಗೂ. ನಂಗೆ ಆ ಗತಿ ಬ್ಯಾಡ. ಸಣ್ಣ ಮಗು ಆಗ್ಲಿ. ಆಮೇಲೆ ಚೆನ್ನಾಗಿ ತಿನ್ಸಿ ಬೆಳ್ಸಿದ್ರಾಯ್ತು.”

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಹೂವು ಮುಡಿದ ಬಸುರಿ, ಕೈ ತಡೆದುಕೊಂಡೆ. ಆಮೇಲೆ ತಿನ್ನಿಸಿದರಾಯಿತು ಎಂಬ ಮಾತೇ ನನ್ನನ್ನು ಕೆರಳಿಸಿತು. ಗಿಡ ಬಾಡಿದರೆ ನೀರು ಹಾಕಿದರಾಯಿತು ಎನ್ನುವಂತೆ ಹೇಳಿದಳು. ಮಂಚದ ಮೇಲೆ ಕೂತು ಎಡಗಾಲಿನ ಕಟ್ಟು ಬಿಚ್ಚತೊಡಗಿದೆ.

“ಏನ್ ಮಾಡ್ತಿದ್ದೀ ಅಜ್ಜಿ?”

“ನೋಡು.”

ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು, ಎಳೆದೆ. ಬೆರಳು ಹೋದ ಜಾಗ ಮಾಗಿತ್ತು, ಅದರ ಕೆಳಗೆ ಅಂಗಾಲಿನಲ್ಲಿ ಹೊಸದು ಶುರುವಾಗಿತ್ತು. ಅವಳು ಮೂಗಿಗೆ ಸೆರಗು ಹಿಡಿದಳು.

“ನಾರ್ತದೆ ಅಜ್ಜಿ.”

“ನಾರ್ಲಿ. ಸರಿಯಾಗಿ ನೋಡು.”

“ಇದು ಸುಗರ್‌ನಿಂದ ಅಲ್ವಾ?”

“ಸುಗರ್ ಎಲ್ಲಿಂದ ಬಂತು? ನಮ್ಮವ್ವಂಗೆ ಎರಿಗೆ ನೋವು ಬ್ಯಾಡ ಅಂತ ಅವ್ರತ್ತೆ ಅನ್ನ ಬುಡ್ಸುದ್ಲು. ಅವ್ಳೂ ಬುಟ್ಲು. ಒಂದಿನದ ನೋವು ತಪ್ಪುಸ್ಕೊಂಡ್ಲು. ಆ ನೋವು ಎಲ್ಲಿಗೋಯ್ತು ಅಂದ್ಕೊಂಡೆ? ಇಲ್ಲಿಗ್ ಬಂತು. ಇದು ನಮ್ಮವ್ವ ಉಣ್ಣದೆ ಬುಟ್ಟ ತುತ್ತು ಕಣೇ. ಆಮೇಲೆ ನಾನು ತಿನ್ಲಿಲ್ವಾ? ಮೂರೊತ್ತೂ ತಿಂದೆ. ಒಟ್ಟೇಲಿ ಬರಗಾಲ ಕಂಡಿದ್ದ ಮೈ, ಅನ್ನ ಕೊಟ್ರೆ ಅದನ್ನೇ ವಿಷ ಮಾಡ್ಕೊಂತು.”

“ಎಲ್ರಿಗೂ ಅಂಗೇ ಆಯ್ತದಾ?”

“ಎಲ್ರಿಗೂ ಆಗಕ್ಕಿಲ್ಲ ಅಂದ್ಲು ಡಾಕ್ಟ್ರಮ್ಮ. ಅದೃಷ್ಟ ನಂಬ್ಕೊಂಡು ಕೂರ್ತೀಯಾ? ಕೂತ್ಕೋ. ನಿನ್ ಬೆನ್ನು ನಿಂದು. ಆದ್ರೆ ಅದ್ರ ಕಾಲು ಅದ್ರದು. ಐವತ್ ವರ್ಸ ಆದ್ಮೇಲೆ ಅದು ಇಂಗೆ ಕಟ್ಟು ಬಿಚ್ಚಿ ಕೂತ್ಕೊಂಡು ನಿನ್ನ ಬೈಯ್ತದೆ. ನಾನು ನಮ್ಮವ್ವನ್ನ ಬೈದಂಗೆ.”

ಅವಳು ಅಳಲಿಲ್ಲ, ಅದೊಂದು ಒಳ್ಳೆಯ ಗುಣ ಅವಳದು. ನನ್ನ ಕಾಲಿನ ಕಡೆ ನೋಡಿದಳು, ತನ್ನ ಹೊಟ್ಟೆಯ ಕಡೆ ನೋಡಿದಳು. ಹೊರಗೆ ಹೋಗಿ ಕ್ಯಾರಿಯರನ್ನು ತಂದಳು. ಒಂದು ಮೊಟ್ಟೆ ತೆಗೆದು ಬಿಳಿಯದನ್ನು ತಿಂದು ಹಳದಿಯನ್ನು ಮುಚ್ಚಳದಲ್ಲಿಟ್ಟಳು.

“ಅದನ್ನೂ ತಿನ್ನು.”

“ಗಂಟಲಲ್ಲಿ ಇಡ್ಕೊಳ್ತದೆ.”

“ಬಳಪ ಇಡ್ಕೊಳ್ಳಲ್ವಾ?”

ತಿಂದಳು. ಮುದ್ದೆ ಮುರಿದು ಎರಡು ತುತ್ತು ನುಂಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ಬೀಗಿತ್ತಿಯ ನೆರಳು ಬಿದ್ದದ್ದೇ, ಅವಳ ಕೈ ತಾನಾಗಿಯೇ ಕ್ಯಾರಿಯರಿನಿಂದ ಹಿಂದಕ್ಕೆ ಬಂತು. ನಾನು ಅದನ್ನು ಕಂಡೆ. ಬುದ್ಧಿ ಹೇಳಿ ಬಸ್ಸು ಹತ್ತಿ ಹೋದರೆ ನಾಳೆಯಿಂದ ಮತ್ತೆ ಬಳಪವೇ ಎಂದು ಆಗ ಗೊತ್ತಾಯಿತು. ಭಯ ಕೈಯಲ್ಲಿ ಸೇರಿಕೊಂಡಿದ್ದರೆ ಬಾಯಿ ಒಪ್ಪಿ ಏನು ಪ್ರಯೋಜನ?

ನನ್ನ ಜೊತೆ ವರ್ತೂರಿಗೆ ಬಾ ಎಂದೆ. ಅಲ್ಲಿಂದ ಕೆಲಸಕ್ಕೆ ಬರಲು ಆಗುವುದಿಲ್ಲ, ಒಂಬತ್ತು ತಿಂಗಳವರೆಗೂ ಮಿಷನ್ ಬಿಡುವುದಿಲ್ಲ ಎಂದಳು. ಹಟದಲ್ಲಿ ನನ್ನದೇ ಮೊಮ್ಮಗಳು.

ಸಂಜೆ ಅವಳ ಗಂಡ ಎಲೆಕ್ಟ್ರಾನಿಕ್ ಸಿಟಿಯಿಂದ ಬಂದ. ಕಂಪನಿಯಲ್ಲಿ ಗೋಡೌನ್ ಕೆಲಸ ಅವನಿಗೆ. ಮನೆಯ ಒಂದು ಮೂಲೆಯಲ್ಲಿ ತಾಯಿ, ಇನ್ನೊಂದು ಮೂಲೆಯಲ್ಲಿ ನಾನು. ಅವನು ಇಬ್ಬರನ್ನೂ ನೋಡಿ ಮೊಬೈಲು ತೆಗೆದ. “ಅಜ್ಜಿ, ಆಟೋ ಬುಕ್ ಮಾಡ್ಲಾ?”

“ಮಾಡ್ಬ್ಯಾಡ ಕಣಪ್ಪ. ನಾನು ಓಗಲ್ಲ.”

“ಓಗಲ್ಲ ಅಂದ್ರೆ?”

“ಎರಿಗೆ ಆಗೋ ತನಕ ಇಲ್ಲೇ ಇರ್ತೀನಿ.”

ನಮ್ಮಲ್ಲಿ ಹೆಣ್ಣು ಕೊಟ್ಟ ಮನೆಯಲ್ಲಿ ಹಿರಿಯರು ಒಂದು ಹೊತ್ತು ಉಂಡು ಎದ್ದು ಬರಬೇಕು. ಬೀಡು ಬಿಟ್ಟರೆ ಊರೆಲ್ಲ ಉಗಿಯುತ್ತದೆ. ಬೀಗಿತ್ತಿಗೆ ಇದು ಚೆನ್ನಾಗಿ ಗೊತ್ತು. “ಮಾನ ಮರ್ವಾದೆ ಇರೋರು ಬೀಗರ ಮನೇಲಿ ಮಲಗ್ತಾರಾ?” ಎಂದು ಮಗನ ಕಡೆ ನೋಡಿಕೊಂಡು ಹೇಳಿದಳು.

“ನಂಗಿಲ್ಲ ಬುಡಮ್ಮ” ಎಂದೆ. “ನಿನ್ ಮನೆ ಅನ್ನ ಮುಟ್ಟಲ್ಲ. ರಾಗಿ ಹಿಟ್ಟು ತಂದಿವ್ನಿ. ನಿನ್ ಗ್ಯಾಸು, ನಿನ್ ನೀರು ಸಾಕು ನಂಗೆ.”

ಹುಡುಗ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಹೆಂಡತಿ, “ಇರ್ಲಿ ಬುಡ್ರೀ” ಎಂದಳು. ಸಣ್ಣದಾಗಿ ಹೇಳಿದಳು, ಆದರೂ ಹೇಳಿದಳು. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಚಾಪೆ ತರಲು ಹೋದ.

ಮಗು ಏನಾಯಿತು ಎಂದು ಓದುವವರು ಕೇಳುತ್ತಾರೆ. ಹೇಳಿಬಿಡುತ್ತೇನೆ. ಹೆಣ್ಣು. ತುಂಬಿದ ದಿನಕ್ಕೇ ಹುಟ್ಟಿತು, ಆಪರೇಷನ್ ಆಗಲಿಲ್ಲ. ಮೊಮ್ಮಗಳು ಆಸ್ಪತ್ರೆ ಹಾರಿಹೋಗುವಂತೆ ಕಿರುಚಿದಳು. ತೂಕ ಇನ್ನೂ ಸ್ವಲ್ಪ ಬೇಕಿತ್ತು ಎಂದರು ನರ್ಸುಗಳು. ಏಳು ತಿಂಗಳು ಹಾಳು ಮಾಡಿದ್ದನ್ನು ನಾನು ಎರಡು ತಿಂಗಳಲ್ಲಿ ಎಷ್ಟೆಂದು ತುಂಬಿಸಲಿ? ಹುಟ್ಟಿದ ಮೇಲೂ ಬೀಗಿತ್ತಿ ಸುಮ್ಮನಿರಲಿಲ್ಲ. ಮೊದಲ ದಿನದ ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು ಎಂದು ಬಟ್ಟಲು ತಂದಳು. ಹಸು ಈದರೆ ಅದೇ ಹಾಲಿಗೆ ಬೆಲ್ಲ ಹಾಕಿ ಬೇಯಿಸಿ, ಗಿಣ್ಣು ಎಂದು ಪಾತ್ರೆ ಸವೆಯುವಂತೆ ಕೆರೆದು ತಿನ್ನುತ್ತಾಳೆ; ಹೆಂಗಸು ಹೆತ್ತರೆ ಅದು ಕೆಟ್ಟ ಹಾಲು. ಬಟ್ಟಲು ಕಿತ್ತುಕೊಂಡು ಕಿಟಕಿಯಿಂದ ಆಚೆ ಎಸೆದೆ. ಮಗು ಈಗ ಓಡಾಡುತ್ತದೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ನಾನು ಮಾಡಿದ್ದು ಸಾಕಾಯಿತೋ ಇಲ್ಲವೋ ಎಂಬುದು ಅದಕ್ಕೆ ಐವತ್ತಾದಾಗ ಗೊತ್ತಾಗಬೇಕು. ನೋಡಲು ನಾನಿರುವುದಿಲ್ಲ. ಬೀಗಿತ್ತಿಯೂ ಇರುವುದಿಲ್ಲ, ಅದೊಂದು ಸಮಾಧಾನ.

ಜಗಳದ ಮಾರನೆಯ ಬೆಳಿಗ್ಗೆ ನಾನು ಬೀಗಿತ್ತಿಗಿಂತ ಮೊದಲು ಎದ್ದೆ. ಆ ಅಡುಗೆಮನೆಯಲ್ಲಿ ಮುದ್ದೆ ತಿರುವುವ ಕೋಲು ಇರಲಿಲ್ಲ. ಚಪಾತಿ ಲಟ್ಟಿಸುವ ಕೋಲನ್ನೇ ತೊಳೆದು, ಪಾತ್ರೆಯನ್ನು ಎರಡು ಪಾದಗಳ ಮಧ್ಯೆ ಒತ್ತಿ ಹಿಡಿದು ಹಿಟ್ಟು ತಿರುವಿದೆ. ಹುಣ್ಣು ಚುರುಗುಟ್ಟಿತು, ತಿರುವಿದೆ. ನಿನ್ನೆಯ ಬಸ್ಸಾರು ಕಾಯಿಸಿದೆ. ಕೆಂಪು ಮಾತ್ರೆಗಳನ್ನು ಮೊಮ್ಮಗಳು ಎಲ್ಲಿ ಬಚ್ಚಿಟ್ಟಿದ್ದಳೋ ಕೇಳಿ ತರಿಸಿ, ಒಂದನ್ನು ಲೋಟದ ಪಕ್ಕ ಇಟ್ಟೆ. ಫ್ಯಾಕ್ಟರಿಗೆ ಹೊರಡಲು ತಲೆ ಬಾಚಿಕೊಂಡು ಬಂದವಳನ್ನು ಅಡುಗೆಮನೆಯ ಒಳಗೆ ಗೋಡೆಗೆ ಒರಗಿ ಕೂರಿಸಿ ತಟ್ಟೆ ಕೊಟ್ಟೆ. ಆಮೇಲೆ ಬಾಗಿಲಿಗೆ ಅಡ್ಡವಾಗಿ ಎರಡೂ ಕಾಲು ಚಾಚಿ ಕೂತೆ.

ಬೀಗಿತ್ತಿ ಬಂದು ನಿಂತಳು. “ದಾರಿ ಬುಡಿ ಅಜ್ಜಿ. ಕಾಪಿ ಕಾಯಿಸ್ಬೇಕು.”

“ಅವ್ಳು ತಟ್ಟೆ ತೊಳೀಲಿ, ಬುಡ್ತೀನಿ.”

ಅವಳು ನನ್ನ ಕಾಲು ದಾಟಿ ಬರಲು ನೋಡಿದಳು. ನಾನು ಕಟ್ಟಿನ ಕಾಲನ್ನು ಇನ್ನೂ ಸ್ವಲ್ಪ ಮೇಲೆ ಎತ್ತಿದೆ. ಹಿಂದೆ ಸರಿದು ಹೊಸಿಲಾಚೆ ನಿಂತುಕೊಂಡಳು. ಮೊಮ್ಮಗಳು ಅತ್ತೆಯ ಕಡೆ ನೋಡಿದಳು, ಅವಳ ಕೈ ತಟ್ಟೆಯ ಮೇಲೆ ನಿಂತಿತು.

“ನನ್ ಕಡೆ ನೋಡು” ಎಂದೆ. “ನುಂಗು.”

ಅವಳು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು.